ಹಿಂದಿನ ಸಾಲಿನ ಮಂಗಳವಾರಗಳು

ಈ ವರ್ಷದ ಫೆಬ್ರವರಿಯ ಮೊದಲ ಮಂಗಳವಾರ, ನ್ಯೂಜೆರ್ಸಿಯ ಮನ್ರೋದಿಂದ ನ್ಯೂಯಾರ್ಕ್‌ಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಯಾರೋ ತಿಂಡಿಯ ಡಬ್ಬಿ ತೆರೆದರು. ಬಸ್ಸು ಆಗಷ್ಟೇ ಟರ್ನ್‌ಪೈಕ್ ಹೆದ್ದಾರಿ ಹತ್ತಿತ್ತು. ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ವಾಸನೆ. ಹೀಟರ್ ಹಾಕಿದ, ಕಿಟಕಿ ತೆರೆಯಲಾಗದ ಬಸ್ಸಾದ್ದರಿಂದ ವಾಸನೆ ಮುಂದಿನ ಸಾಲಿನವರೆಗೂ ಬಂತು. ಒಬ್ಬಿಬ್ಬರು ತಲೆಯೆತ್ತಿ ನೋಡಿ ಮತ್ತೆ ಕಣ್ಣು ಮುಚ್ಚಿದರು. ನಾನು ತಿರುಗಿ ನೋಡಿದೆ. ಹಿಂದಿನ ಸಾಲಿನ ಕಿಟಕಿ ಸೀಟಿನಲ್ಲಿ ನನಗೆ ಗೊತ್ತಿಲ್ಲದ ಯಾರೋ ಚಪಾತಿ ಸುತ್ತಿಕೊಂಡು ತಿನ್ನುತ್ತಿದ್ದರು.

ಮೊದಲು ಆ ಸೀಟಿನಲ್ಲಿ ನಾನು ಅಂಕಲ್ ಎಂದು ಕರೆಯುತ್ತಿದ್ದ ಹಿರಿಯರು ಕೂರುತ್ತಿದ್ದರು. ಅವರ ಡಬ್ಬಿಯಲ್ಲೂ ಅದೇ ಇರುತ್ತಿತ್ತು. ಧಾರವಾಡದವರು. ಅರವತ್ತು ದಾಟಿದ್ದರು. ಯುದ್ಧ ನಡೆಯುವ ದೇಶಗಳಿಗೆ ನೆರವು ಕಳಿಸುವ ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಕೆಲಸ. ಅಲ್ಲಲ್ಲಿನ ಸ್ಥಳೀಯ ಗುಂಪುಗಳೊಂದಿಗೆ ಸಂಪರ್ಕ ಇಟ್ಟುಕೊಳ್ಳುವುದು ಅವರ ಜವಾಬ್ದಾರಿ. ನಾನು ಮಿಡ್‌ಟೌನ್‌ನ ಒಂದು ಸುದ್ದಿಸಂಸ್ಥೆಯ ಡೆಸ್ಕ್‌ನಲ್ಲಿದ್ದೇನೆ. ದೂರದ ಊರುಗಳಿಂದ ಬರುವ ವರದಿಗಳನ್ನು ತಿದ್ದಿ ಮುಂದಕ್ಕೆ ಕಳಿಸುತ್ತೇನೆ. ಇಬ್ಬರೂ ಒಂದೇ ಯುದ್ಧಗಳ ಬಗ್ಗೆ ಓದುತ್ತಿದ್ದೆವು. ಅವರು ಅಲ್ಲಿದ್ದವರೊಂದಿಗೆ ಮಾತನಾಡುತ್ತಿದ್ದರು, ನಾನು ಮಾತನಾಡುತ್ತಿರಲಿಲ್ಲ.

ಬೆಳಗಿನ ಬಸ್ಸಿಗೆ ಬರೆಯದ ಒಂದು ನಿಯಮವಿದೆ. ಯಾರೂ ಮಾತನಾಡುವುದಿಲ್ಲ. ದೀಪ ಆರಿಸಿರುತ್ತಾರೆ. ವರ್ಷಗಟ್ಟಲೆ ಒಂದೇ ಸೀಟಿನಲ್ಲಿ ಪಕ್ಕಪಕ್ಕ ಕೂತವರು ಒಬ್ಬರಿಗೊಬ್ಬರು ಹೆಸರು ಕೇಳದೆ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ ಇಳಿದು ಹೋಗುತ್ತಾರೆ. ನಾನೂ ಹಾಗೆಯೇ ಓಡಾಡುತ್ತಿದ್ದೆ. ಮನೆಯಲ್ಲೂ ಬೆಳಿಗ್ಗೆ ಮಾತನಾಡಲು ಯಾರೂ ಇರಲಿಲ್ಲವಾದ್ದರಿಂದ ಆ ನಿಯಮ ನನಗೆ ಕಷ್ಟವೆನಿಸಿರಲಿಲ್ಲ.

ಸುಡಾನಿನಲ್ಲಿ ಯುದ್ಧ ಶುರುವಾದ ವರ್ಷದ ಚಳಿಗಾಲದಲ್ಲಿ ಆ ನಿಯಮ ಮುರಿದವರು ಅಂಕಲ್. ಆಗ ಅವರು ನನ್ನ ಪಕ್ಕದಲ್ಲಿ, ಬಸ್ಸಿನ ಮಧ್ಯದಲ್ಲಿ ಕೂರುತ್ತಿದ್ದರು. ಒಂದು ಮಂಗಳವಾರ ಅವರ ಫೋನ್ ನಡುಗಿತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಾತು ಶುರುಮಾಡಿದರು. ಪಿಸುಮಾತು ಎಂದು ಅವರು ತಿಳಿದಿದ್ದರು. ಇಂಗ್ಲಿಷಾದರೂ ಧಾರವಾಡದ ದನಿಯ ಪಿಸುಮಾತು... ಬಸ್ಸಿಗೆಲ್ಲ ಕೇಳಿಸಿತು.

ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಅಮೆರಿಕನ್ ಹೆಂಗಸು ಎದ್ದು ಬಂದಳು. ಯಾವುದೋ ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು. ಡ್ರೈವರ್ ಸೇರಿದಂತೆ ಎಲ್ಲರೂ ಅವಳಿಗೆ ಹೆದರುತ್ತಿದ್ದರು.

“ಎಕ್ಸ್‌ಕ್ಯೂಸ್ ಮೀ ಸರ್. ಜನ ಮಲಗಿದ್ದಾರೆ. ನಿಮ್ಮ ಕಾನ್ಫರೆನ್ಸ್ ಕಾಲ್ ಆಫೀಸಿನಲ್ಲಿ ಮಾಡಿ.”

ಅಂಕಲ್ ಕೈ ಮುಗಿದು ಮಾತು ನಿಲ್ಲಿಸಿದರು. ಮುಂದಿನ ಮಂಗಳವಾರ ಮತ್ತೆ ಅದೇ ಹೊತ್ತಿಗೆ ಫೋನ್ ಬಂತು, ಮತ್ತೆ ಎತ್ತಿದರು. ಅವಳು ಮತ್ತೆ ಎದ್ದು ಬಂದಳು. ಅವಳು ಹೋದ ಮೇಲೆ ನಾನು ಕೇಳಿದೆ. “ಯಾಕೆ ಅಂಕಲ್, ಆಫೀಸಿಗೆ ಹೋಗಿ ಮಾಡಬಹುದಲ್ವಾ?”

“ಕನ್ನಡದೋರೇನು?” ಎಂದು ಅವರಿಗೆ ಮೊದಲು ಆಶ್ಚರ್ಯವಾಯಿತು. ಅಷ್ಟು ದಿನ ಪಕ್ಕದಲ್ಲಿ ಕೂತಿದ್ದೆವು. ಆಮೇಲೆ ಉತ್ತರ ಹೇಳಿದರು. “ಆಫೀಸಿನ ಹೊತ್ತಿಗೆ ಅಲ್ಲಿ ಕತ್ತಲಾಗ್ತದ್ರೀ.”

ಕರೆ ಮಾಡುತ್ತಿದ್ದವಳು ಸುಡಾನಿನ ಒಂದು ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಯುದ್ಧ ಬಂದು ಶಾಲೆ ಮುಚ್ಚಿದಾಗ ಬೀದಿಯ ಹೆಂಗಸರನ್ನು ಸೇರಿಸಿಕೊಂಡು ಅದರ ಅಂಗಳದಲ್ಲೇ ಒಲೆ ಹಚ್ಚಿದಳು. ಓಡಿಹೋಗಲಾಗದೆ ಉಳಿದವರಿಗೆ ದಿನಕ್ಕೊಂದು ಊಟ. ಅಂಕಲ್ ಅವರ ಸಂಸ್ಥೆ ಆ ಅಡುಗೆಮನೆಗೆ ನೆರವು ಕೊಡುತ್ತಿತ್ತು. ನೆರವು ಪಡೆಯುವವರೆಲ್ಲ ವಾರಕ್ಕೊಮ್ಮೆ ಮುಖ್ಯ ಕಚೇರಿಯೊಂದಿಗೆ ಮಾತನಾಡಬೇಕೆಂಬುದು ಸಂಸ್ಥೆಯ ಪದ್ಧತಿ. ಆ ಮಾತುಕತೆ ನ್ಯೂಯಾರ್ಕಿನ ಬೆಳಗಿನ ಹತ್ತಕ್ಕೆ. ಅಲ್ಲಿ ಅದು ಸಂಜೆ. ಅವಳ ಮನೆಯ ಕಡೆ ಟವರ್ ಇಲ್ಲ. ಸ್ಯಾಟಲೈಟ್ ಇಂಟರ್ನೆಟ್ ಇದ್ದದ್ದು ಊರಿನ ಇನ್ನೊಂದು ತುದಿಯ ಒಂದು ಅಂಗಡಿಯಲ್ಲಿ. ನಡುವೆ ಬಂದೂಕು ಹಿಡಿದವರ ಚೆಕ್‌ಪೋಸ್ಟ್. ಹಗಲಲ್ಲಿ ನಾಲ್ಕು ಜನ ಓಡಾಡುವಾಗ ಅವರು ಬಿಡುತ್ತಿದ್ದರು. ಕತ್ತಲಾದ ಮೇಲೆ ಒಬ್ಬಳೇ ಬರುವ ಹೆಂಗಸನ್ನು ಬಿಡುತ್ತಾರೋ ಇಲ್ಲವೋ ಯಾರೂ ಹೇಳಲಾರರು.

“ಹೊತ್ತು ಬದಲಿ ಮಾಡ್ರಿ ಅಂದೆ. ಎಲ್ಲಾರ ಕ್ಯಾಲೆಂಡರ್ ಹೊಂದಬೇಕಂತ. ಒಬ್ಬಾವಗ ಜಿಮ್ ಅದ, ಒಬ್ಬಾಕಿ ಮಗನ್ನ ಡೇಕೇರಿಗೆ ಬಿಡಬೇಕು. ಖರೇ ಅದ, ಅವರದೇನು ತಪ್ಪಲ್ಲ. ಆದ್ರ ಅಕಿ ಮನೀಗೆ ಮುಟ್ಟಬೇಕಲ್ರೀ? ಅದಕ್ಕ ನಿನ್ನ ಬದ್ಲಿ ಆ ಕಾಲ್‌ನಾಗ ನಾನು ಕೂಡ್ತೀನಿ, ನೀ ಮಧ್ಯಾಹ್ನ ಮಂದಿಗೆ ಊಟ ಹಾಕಿದ ಮ್ಯಾಲೆ ನನಗ ಫೋನ್ ಮಾಡು ಅಂತ ಹೇಳೀನಿ. ಆ ಹೊತ್ತಿಗೆ ನಾನು ಈ ಬಸ್ಸಿನಾಗ ಇರ್ತೀನಿ. ಏನ್ ಮಾಡ್ಲಿ?”

ಇದನ್ನೇ ಇಂಗ್ಲಿಷಿನಲ್ಲಿ ಆ ಮುಂದಿನ ಸಾಲಿನ ಹೆಂಗಸಿಗೂ ಹೇಳಿದರು. ಅವಳು ಪೂರ್ತಿ ಕೇಳಿದಳು. ಅಯ್ಯೋ ಪಾಪ ಎನ್ನಲಿಲ್ಲ. “ಹಿಂದಿನ ಸಾಲಿಗೆ ಹೋಗಿ. ಇಂಜಿನ್ ಸದ್ದಿದೆ, ಅಲ್ಲಿ ನೀವು ಹಾಡಿದರೂ ನನಗೆ ಕೇಳಿಸದು” ಎಂದಳು. ನಂತರದ ಮಂಗಳವಾರ ನಾವು ಹತ್ತುವ ಹೊತ್ತಿಗೆ ಹಿಂದಿನ ಸಾಲಿನ ಕಿಟಕಿ ಸೀಟಿನಲ್ಲಿ ಅವಳ ಛತ್ರಿ ಇತ್ತು. ಬೇರೆ ಯಾರೂ ಕೂರದಂತೆ ಹಿಡಿದಿಟ್ಟಿದ್ದಳು. ಅಂಕಲ್ ಹೋಗಿ ಛತ್ರಿ ವಾಪಸು ಕೊಟ್ಟರು. ನಾನೂ ಅವರ ಜೊತೆ ಹಿಂದಕ್ಕೆ ಹೋದೆ. ಯಾಕೆ ಹೋದೆ ಎಂದು ಯಾರೂ ಕೇಳಲಿಲ್ಲ.

ಹೀಗೆ ಆ ಮಂಗಳವಾರಗಳು ಶುರುವಾದವು. ನನಗೆ ಅಂಕಲ್ ಕಡೆಯ ಮಾತು ಮಾತ್ರ ಕೇಳುತ್ತಿತ್ತು. ಎಣ್ಣೆ ಸಿಕ್ಕಿತೇ, ನೀರಿನ ಟ್ಯಾಂಕರ್ ಬಂತೇ, ನಿನ್ನ ಅಮ್ಮನ ಮಂಡಿನೋವು ಹೇಗಿದೆ... ನದಿಯಡಿಯ ಲಿಂಕನ್ ಟನಲ್ ಒಳಗೆ ಹೋದರೆ ಸಂಪರ್ಕ ಕಡಿದುಹೋಗುತ್ತಿತ್ತು. ಅವಳಿಗೆ ಆ ಟನಲ್ ಎಂದೂ ನೋಡದೆಯೇ ಗೊತ್ತಾಗಿಬಿಟ್ಟಿತ್ತು. “ಇನ್ನೂ ಟನಲ್ ಬಂದಿಲ್ಲೇನು ಅಂತ ಕೇಳ್ತಾಳ ನೋಡ್ರಿ” ಎಂದು ಅಂಕಲ್ ನಗುತ್ತಿದ್ದರು. ಕರೆ ಮುಗಿದ ಮೇಲೆ ಡಬ್ಬಿ ತೆರೆದು ಅರ್ಧ ಚಪಾತಿ ನನಗೆ ಕೊಡುತ್ತಿದ್ದರು. ಅವರ ಹೆಂಡತಿ ಕುಟ್ಟಿದ ಶೇಂಗಾ ಚಟ್ನಿ ಜೊತೆಗೆ. “ಅವರೂ ನಮ್ಮಂಗ ಶೇಂಗಾ ಅರೀತಾರ. ಮ್ಯಾಲೆ ಲಿಂಬಿಹಣ್ಣು ಹಿಂಡ್ತಾರ, ಅಷ್ಟ ಫರಕು.”

ಕಚೇರಿಯ ಬಗ್ಗೆ ಅವರು ಮಾತನಾಡುತ್ತಿದ್ದುದು ಸಿಟ್ಟಿನಿಂದಲ್ಲ, ಒಂದು ಬಗೆಯ ತಮಾಷೆಯಿಂದ. ಅಡುಗೆಮನೆಯ ಗೋಡೆಗೆ ಸಂಸ್ಥೆಯ ಲಾಂಛನವಿರುವ ಬ್ಯಾನರ್ ಕಟ್ಟಬೇಕೆಂದು ಒಮ್ಮೆ ಬ್ಯಾನರ್ ಸಮೇತ ಸೂಚನೆ ಹೋಗಿತ್ತು. ಕಟ್ಟಿದರೆ ಎರಡೂ ಕಡೆಯ ಸೈನಿಕರಿಗೆ ತಾವು ಹೊರಗಿನವರ ಏಜೆಂಟರಂತೆ ಕಾಣುತ್ತೇವೆ ಎಂದು ಅವಳು ಒಪ್ಪಲಿಲ್ಲ. ಅಂಕಲ್ ಅವಳ ಪರ ವಾದಿಸಿ ಗೆದ್ದರು. ಆ ಬ್ಯಾನರ್ ಬಟ್ಟೆಯನ್ನು ಹಿಂದುಮುಂದಾಗಿ ಹೊಲಿದು ಒಲೆಗೆ ನೆರಳು ಮಾಡಿಕೊಂಡಿದ್ದಾರೆಂದು ನನಗೆ ಹೇಳಿದಾಗ ಅವರ ಮುಖದಲ್ಲಿ ಇದ್ದದ್ದು ಹೆಮ್ಮೆ.

ಇನ್ನೊಂದು ದಿನ ಸಂಸ್ಥೆಯವರು ಅವಳ ಗುಂಪಿಗೆ ತರಬೇತಿ ಕೊಡಲು ಹೊರಟಿದ್ದರು.

“ಕೆಪ್ಯಾಸಿಟಿ ಬಿಲ್ಡಿಂಗ್ ಅಂತ್ರೀ, ಅವರ ಸಾಮರ್ಥ್ಯ ಬೆಳಸೋದಂತ. ಗುಂಡು ಹಾರೋ ಊರಾಗ ದಿನಾ ಅಷ್ಟು ಮಂದಿಗೆ ಊಟ ಹಾಕ್ತಾರ. ನಾವಿಲ್ಲಿ ಮೀಟಿಂಗಿಗೆ ಸ್ಯಾಂಡ್‌ವಿಚ್ ತರಸಾಕ ಅರ್ಧ ದಿನ ಇಮೇಲ್ ಮಾಡ್ತೀವಿ. ಯಾರಿಗೆ ಯಾರು ಕಲಸ್ಬೇಕು?”

“ಹಾಗಂತ ಮೀಟಿಂಗಲ್ಲಿ ಹೇಳಿದ್ರಾ?”

“ಹೇಳಿದೆ. ಸ್ಯಾಂಡ್‌ವಿಚ್ ಬಂದ ಮ್ಯಾಲೆ.”

ಆಮೇಲೆ ದನಿ ತಗ್ಗಿಸಿದರು. “ಅವರ ಗುಂಪಿನಾಗ ಲೆಕ್ಕಪತ್ರ ನೋಡ್ತಿದ್ದ ಹುಡುಗಿ ಭಾಳ ಚುರುಕು. ಹೋದ ತಿಂಗಳು ನಮ್ಮ ಅಲ್ಲಿನ ಆಫೀಸಿನವರೇ ಜಾಸ್ತಿ ಸಂಬಳ ಕೊಟ್ಟು ಅಕಿನ್ನ ಎಳಕೊಂಡ್ರು. ಈ ತಿಂಗಳು ಆ ಗುಂಪಿಗೆ ಲೆಕ್ಕ ಇಡೋ ಕೆಪ್ಯಾಸಿಟಿ ಇಲ್ಲ ಅಂತ ಅವರೇ ವರದಿ ಬರದ್ರು. ನಾವು ಹಿಂಗರೀ. ಇಪ್ಪತ್ತೈದು ವರ್ಷ ನಾನೂ ಇದ ಮಾಡೀನಿ. ಬಿಳೀ ಜೀಪಿನಾಗ ಹೋಗೋದು, ಬರೋದು. ಅಪಾಯ ಅಲ್ಲೇ ಇರೋರಿಗೆ, ಹೆಸರು ಮಾತ್ರ ಹೋಗಿ ಬರೋ ನಮಗ.”

ಇದನ್ನೆಲ್ಲ ಬರೆಯಿರಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವಳ ಊರಿನ ಹೆಸರು ನನ್ನ ಡೆಸ್ಕ್‌ನ ವರದಿಗಳಲ್ಲಿ ಬಂದಾಗಲೆಲ್ಲ, ಮಂಗಳವಾರದ ಕಾಲ್ ಮುಗಿದ ಮೇಲೆ, ಅಲ್ಲಿ ಏನಾಯಿತೆಂದು ಅವರು ನನ್ನನ್ನು ಕೇಳುತ್ತಿದ್ದರು, ನಾನು ಅವರನ್ನು.

ಮುಂದಿನ ವರ್ಷದ ಶರತ್ಕಾಲದಲ್ಲಿ ಸಂಸ್ಥೆಯ ದೊಡ್ಡ ದಾನಿಗಳ ಸಭೆ ನಡೆಯಿತು. ಆ ಸಲದ ವಿಷಯ, ಸ್ಥಳೀಯರ ದನಿ ಕೇಳುವುದು. ಅಂಕಲ್ ವರ್ಷವಿಡೀ ಒತ್ತಾಯಿಸಿದ್ದೇ ಅದನ್ನು. ಸುಡಾನಿನಿಂದ ಅವಳೇ ಮಾತನಾಡಬೇಕು ಎಂದು ಮೇಲಿನವರು ಹೇಳಿದರು. ಸಭೆ ಬೆಳಿಗ್ಗೆ ಹತ್ತಕ್ಕೆ. ಅಂಕಲ್ ಮೊದಲು ಬೇಡವೆಂದರು. ಮಾತನ್ನು ಮೊದಲೇ ರೆಕಾರ್ಡ್ ಮಾಡೋಣ ಎಂದರು. ನೇರವಾಗಿ ಕೇಳಿದ ಹಾಗಾಗದು ಎಂಬ ಉತ್ತರ ಬಂತು. ಅವಳ ಮಾತು ದಾನಿಗಳ ಮನಸ್ಸಿಗೆ ತಾಗಿದರೆ ಮುಂದಿನ ವರ್ಷ ಇಂಥ ಗುಂಪುಗಳಿಗೆ ನೆರವು ನೇರವಾಗಿ ಹೋಗುತ್ತದೆ, ನಿರ್ಧಾರಗಳು ಅವರ ಕೈಯಲ್ಲೇ ಇರುತ್ತವೆ ಎಂದೂ ಮೇಲಿನವರು ಹೇಳಿದರು. ಕೊನೆಗೆ ಒಂದು ಮಂಗಳವಾರ, ನನ್ನ ಪಕ್ಕದಲ್ಲೇ ಕೂತು, ಅಂಕಲ್ ಅವಳನ್ನು ಒಪ್ಪಿಸಿದರು. “ಜಸ್ಟ್ ದಿಸ್ ಒನ್ಸ್” ಎಂದದ್ದು ನನಗೆ ಕೇಳಿಸಿತು.

ಸಭೆಯ ಮರುದಿನ ಬಸ್ಸಿನಲ್ಲಿ ಅದು ಹೇಗಾಯಿತೆಂದು ಹೇಳಿದರು. ಮೊದಲು ಸ್ವಾಗತ. ಆಮೇಲೆ ಮೈಕ್ ಕೆಟ್ಟಿತು. ಆಮೇಲೆ ಕಾಫಿ ವಿರಾಮ ಬಂತು, ಯಾರೂ ಬೇಗ ಒಳಗೆ ಬರಲಿಲ್ಲ. ಅಷ್ಟು ಹೊತ್ತೂ ಪರದೆಯ ಮೂಲೆಯಲ್ಲಿ ಅವಳ ಮುಖ. ಹಿಂದೆ ಅಂಗಡಿಯವನು ಶಟರ್ ಅರ್ಧ ಇಳಿಸಿದ್ದು ಕಾಣುತ್ತಿತ್ತಂತೆ. ಸರದಿ ಬಂದಾಗ ಚೆನ್ನಾಗಿಯೇ ಮಾತನಾಡಿದಳು. ಒಬ್ಬ ದಾನಿ ಕೇಳಿದರು, ಇಷ್ಟು ಕಷ್ಟದ ನಡುವೆ ನಿಮ್ಮನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ?

“ಕತ್ತಲಾಗೋದರೊಳಗ ಮನೀಗೆ ಹೋಗ್ತೀನಿ ಅಂದ್ಲು,” ಎಂದರು ಅಂಕಲ್. “ಎಲ್ಲಾರೂ ನಕ್ಕರು. ಚಪ್ಪಾಳಿ ಹೊಡದ್ರು. ನಾನೂ ಹೊಡದೆ.”

ಮುಂದಿನ ಮಂಗಳವಾರ ಕರೆ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಕೆಲವು ವಾರಗಳ ನಂತರ ಅಡುಗೆಮನೆಯ ಇನ್ನೊಬ್ಬ ಹೆಂಗಸು ಹೇಗೋ ಒಂದು ವಾಯ್ಸ್ ಮೆಸೇಜ್ ಕಳಿಸಿದಳು. ಸಭೆಯಲ್ಲಿ ಮಾತನಾಡಿದ ಸಂಜೆ ಅವಳು ಮನೆ ಸೇರಲಿಲ್ಲ. ಚೆಕ್‌ಪೋಸ್ಟ್‌ನಲ್ಲಿ ಅವಳನ್ನು ಹಿಡಿದಿಟ್ಟುಕೊಂಡರು, ಫೋನ್ ಕಿತ್ತುಕೊಂಡರು. ಒಲೆ ಆರಿದೆ. ಅಷ್ಟೇ ಸುದ್ದಿ.

ಸಂಸ್ಥೆ ಒಂದು ಖಂಡನಾ ಹೇಳಿಕೆ ಸಿದ್ಧಪಡಿಸಿತು. ಅದರಲ್ಲಿ ಅವಳ ಹೆಸರಿತ್ತು. ಹೆಸರು ಹೊರಬಂದರೆ ಹಿಡಿದವರಿಗೆ ಅವಳು ಇನ್ನಷ್ಟು ಬೆಲೆಬಾಳುವ ಕೈದಿಯಾಗುತ್ತಾಳೆ ಎಂದು ಅಂಕಲ್ ಹಟ ಹಿಡಿದು ತಡೆದರು. ಅವರು ನನ್ನನ್ನು ಬೇಡಿದ್ದು ಆಗ ಒಂದೇ ಸಲ. “ನಿಮ್ಮ ಮಂದಿ ಯಾರಾರ ಆ ಊರಾಗ ಇದ್ದಾರೇನ್ರೀ? ಅದಾಳೋ ಇಲ್ಲೋ, ಅಷ್ಟ.” ನಾನು ಕೈರೋದಲ್ಲಿದ್ದ ನಮ್ಮ ವರದಿಗಾರನನ್ನು ಕೇಳಿದೆ. ಅವನು ತನಗೆ ಗೊತ್ತಿದ್ದವರನ್ನೆಲ್ಲ ಕೇಳಿದ. ಇದ್ದಾಳೆ ಎಂದು ಒಬ್ಬರು, ಇಲ್ಲ ಎಂದು ಒಬ್ಬರು. ಎರಡನ್ನೂ ದೃಢಪಡಿಸಲಾಗಲಿಲ್ಲ. ಅಂಕಲ್‌ಗೆ ಹಾಗೆಯೇ ಹೇಳಿದೆ. ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಆಗ ನಾವು ಟನಲ್ ಒಳಗಿದ್ದೆವು, ಕಿಟಕಿಯಲ್ಲಿ ನೋಡಲು ಏನೂ ಇರಲಿಲ್ಲ.

ಆ ಚಳಿಗಾಲ ಸಂಸ್ಥೆ ತನ್ನ ಪದ್ಧತಿ ಬದಲಿಸಿತು. ಇನ್ನು ಮುಂದೆ ಮಾತುಕತೆಯ ಹೊತ್ತನ್ನು ಅಲ್ಲಿನವರು ಗೊತ್ತುಮಾಡಬೇಕು, ನ್ಯೂಯಾರ್ಕಿನವರು ಹೊಂದಿಕೊಳ್ಳಬೇಕು. ಅಂಕಲ್ ಕೇಳಿದ್ದೂ ಅದನ್ನೇ. ಅದು ಜಾರಿಗೆ ಬಂದ ಸುದ್ದಿಯನ್ನು ಅವರು ಒಂದು ವಾಕ್ಯದಲ್ಲಿ ಹೇಳಿ ಡಬ್ಬಿ ತೆರೆದರು. ಆ ದಿನ ಇಡೀ ಚಪಾತಿಯನ್ನು ನನಗೇ ಕೊಟ್ಟರು.

ಅದಾದ ಸ್ವಲ್ಪ ದಿನಕ್ಕೆ ವಾಷಿಂಗ್ಟನ್ನಿನ ಸರ್ಕಾರದಿಂದ ಸಂಸ್ಥೆಗೆ ಬರುತ್ತಿದ್ದ ನೆರವು ನಿಂತಿತು. ಸಂಸ್ಥೆ ಅರ್ಧ ಖಾಲಿಯಾಯಿತು. ಅಂಕಲ್ ಕೆಲಸವೂ ಹೋಯಿತು. ಇನ್ನು ಬಸ್ಸಿನಲ್ಲಿ ಕಾಣುವುದಿಲ್ಲ ಎಂದುಕೊಂಡಿದ್ದೆ. ಮಂಗಳವಾರ ಬಂದಾಗ ಅವರು ಬಸ್ಸು ಹತ್ತುವ ಪಾರ್ಕ್ ಅಂಡ್ ರೈಡ್‌ನಲ್ಲಿ ನಿಂತಿದ್ದರು. ಬ್ಯಾಗಿಲ್ಲ, ಡಬ್ಬಿ ಮಾತ್ರ.

“ಎಲ್ಲಿಗೆ ಅಂಕಲ್?”

“ಎಲ್ಲೂ ಇಲ್ಲ. ಪೋರ್ಟ್ ಅಥಾರಿಟಿಗೆ ಹೋಗಿ, ಒಂದು ಚಾ ಕುಡದು, ಹೊಳ್ಳಿ ಬರೋದು.” ಹಿಂದಿನ ಸಾಲಿನಲ್ಲಿ ಕೂತ ಮೇಲೆ ಹೇಳಿದರು. “ಅಕಿಗೆ ಈ ಹೊತ್ತು ಗೊತ್ತದ. ಮನಿಯಾಗ ಕೂತ್ರ ಫೋನ್ ನೋಡ್ಕೋತ ಕೂತಂಗ ಆಗ್ತದ. ಇಲ್ಲಿ ಕೂತ್ರ ಹೊಂಟೀನಿ ಅನಸ್ತದ.”

ಬೇಸಿಗೆಯುದ್ದಕ್ಕೂ ಪ್ರತಿ ಮಂಗಳವಾರ ಬಂದರು. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಬೇರೆ ಯಾರ ಕರೆಯನ್ನೂ ಆ ಹೊತ್ತಿನಲ್ಲಿ ಎತ್ತುತ್ತಿರಲಿಲ್ಲ. ಮುಂದಿನ ಸಾಲಿನ ಹೆಂಗಸು ಇಳಿಯುವಾಗ ಒಮ್ಮೆ ಹಿಂದಕ್ಕೆ ನೋಡುತ್ತಿದ್ದಳು. ಅಂಕಲ್ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಅವರಿಬ್ಬರ ನಡುವೆ ಬೇರೆ ಮಾತು ನಡೆದದ್ದನ್ನು ನಾನು ನೋಡಲಿಲ್ಲ. ನಾವು ಇಬ್ಬರೂ ಹೆಚ್ಚು ಮಾತನಾಡುತ್ತಿರಲಿಲ್ಲ. ಬಸ್ಸು ಮೊದಲಿನಂತೆಯೇ ಆಗಿತ್ತು...

ಅಕ್ಟೋಬರ್‌ನಲ್ಲಿ ಬರುವುದು ನಿಲ್ಲಿಸಿದರು. ಹೃದಯದ ತೊಂದರೆ ಎಂದು ಆಮೇಲೆ ತಿಳಿಯಿತು. ನವೆಂಬರ್‌ನಲ್ಲಿ ತೀರಿಕೊಂಡರು. ಫ್ಯೂನರಲ್ ಹೋಮ್‌ನಲ್ಲಿ ಮನ್ರೋದ ಕನ್ನಡದವರು ಹತ್ತಾರು ಜನ ಇದ್ದರು. ಅವರ ಕಚೇರಿಯಿಂದ ಹೂವಿನ ಗುಚ್ಛ ಬಂದಿತ್ತು. ಅವರು ಯಾವ ಕೆಲಸ ಮಾಡುತ್ತಿದ್ದರೆಂದು ಅಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. “ಯು.ಎನ್.ನಲ್ಲಿ ಏನೋ ಇದ್ದರು” ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ನಾನು ತಿದ್ದಲಿಲ್ಲ.

ಫೆಬ್ರವರಿಯ ಆ ಮಂಗಳವಾರ ಬಸ್ಸಿನಲ್ಲಿ ಶೇಂಗಾ ವಾಸನೆ ಬಂದ ಮೇಲೆ, ಶನಿವಾರ ಆಂಟಿಯನ್ನು ನೋಡಲು ಹೋದೆ. ಆಂಟಿ ಎಂದರೆ ಅಂಕಲ್ ಹೆಂಡತಿ. ಇಲ್ಲಿನ ಲೈಬ್ರರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಮೊದಲ ಸಲ ಅವರ ಮನೆಯೊಳಗೆ ಕಾಲಿಟ್ಟೆ. ಚಹಾ ಕೊಟ್ಟರು. ಮಗಳು ಕ್ಯಾಲಿಫೋರ್ನಿಯಾಕ್ಕೆ ಕರೆಯುತ್ತಿದ್ದಾಳೆ, ಇನ್ನೂ ಮನಸ್ಸು ಮಾಡಿಲ್ಲ ಎಂದರು. ಅಂಕಲ್ ಫೋನ್ ಲೈನನ್ನು ಇನ್ನೂ ಬಂದ್ ಮಾಡಿಸಿರಲಿಲ್ಲ. ಅದು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜ್ ಆಗುತ್ತಿತ್ತು.

“ಹೋದ ತಿಂಗಳು ಫೋನ್ ಬಂದಿತ್ತವಾ,” ಎಂದರು ಆಂಟಿ. “ಬೆಳಿಗ್ಗೆ, ಇನ್ನೂ ಕತ್ತಲಿತ್ತು. ಹೆಣಮಗಳ ದನಿ. ನಾನು ಅಂತ ಹೆಸರು ಹೇಳಿದ್ಲು. ಇವರು ದಿನಾ ಹೇಳ್ತಿದ್ದ ಹೆಸರು.”

ಹಿಡಿದವರು ಅವಳನ್ನು ಬಿಟ್ಟು ಬಹಳ ದಿನವಾಗಿತ್ತು. ತಾಯಿಯನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿದ್ದಾಳೆ. ಫೋನ್ ಇರಲಿಲ್ಲ, ನಂಬರ್ ಹುಡುಕಲು ಇಷ್ಟು ಕಾಲ ಹಿಡಿಯಿತು. ಅಲ್ಲಿಯೂ ಹೆಂಗಸರು ಸೇರಿ ಒಲೆ ಹಚ್ಚಿದ್ದಾರೆ. ಈಗ ಯಾವ ಸಂಸ್ಥೆಯೂ ಜೊತೆಗಿಲ್ಲ. ಊರವರು, ಹೊರದೇಶದಲ್ಲಿರುವ ಅವರ ನೆಂಟರು ನಡೆಸುತ್ತಿದ್ದಾರೆ. ಇಷ್ಟನ್ನು ಅವಳು ಆಂಟಿಗೆ ಹೇಳಿ, ಅಂಕಲ್ ಎಲ್ಲಿ ಎಂದು ಕೇಳಿದಳು.

“ನೀವೇನಂದ್ರಿ?”

“ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಹೊರಗ ಹೋಗ್ಯಾರ ಅಂದೆ. ಬಸ್ಸಿನಾಗ ಅದಾರೇನು ಅಂದ್ಲು. ಹೂಂ ಅಂದೆ. ಮುಂದಿನ ವಾರ ಮತ್ತ ಮಾಡಿದ್ಲು.”

ನಾನು ಬೇಕಾದರೆ ಹೇಳುತ್ತೇನೆ ಎಂದೆ. ಸುದ್ದಿ ತಲುಪಿಸುವುದು ನನ್ನ ಕೆಲಸವೇ. ಆಂಟಿ ಚಹಾದ ಲೋಟ ಕೆಳಗಿಟ್ಟರು.

“ಈಗ ಬ್ಯಾಡ. ಅಕಿ ಅಷ್ಟು ದೂರ ನಡಕೊಂಡು ಬಂದು ಫೋನ್ ಮಾಡ್ತಾಳಂತ. ಹೇಳಿದ್ರ, ಆ ಮಾತು ಹೊತಗೊಂಡು ಹೊಳ್ಳಿ ಒಬ್ಬಾಕಿನ ಹೋಗಬೇಕಲ್ಲ. ಹಗಲಿದ್ರೇನಾತು...”

ಮೊನ್ನೆ ಮಂಗಳವಾರ ಬೆಳಿಗ್ಗೆ, ನಾನು ಬಸ್ಸಿನಲ್ಲಿದ್ದಾಗ, ಮತ್ತೆ ಕರೆ ಬಂದಿತ್ತಂತೆ. ಆಂಟಿ ಎತ್ತಿದರು. ಅಕ್ಕಿ ಸಿಕ್ಕಿತೇ, ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಿದರು. ಅಂಕಲ್ ತೀರಿಕೊಂಡದ್ದು ಅವಳಿಗೆ ಇನ್ನೂ ಗೊತ್ತಿಲ್ಲ.